ಪುಣೆಯ ರುಮಾಲುಗಳಲ್ಲಿ ಪೇಶ್ವೆಯ ಸವಾರರು

1818ರ ಜೂನ್ 3ರಂದು ಪೇಶ್ವೆ ಎರಡನೆಯ ಬಾಜೀರಾಯ ಈಸ್ಟ್ ಇಂಡಿಯಾ ಕಂಪನಿಯ ಜಾನ್ ಮಾಲ್ಕಮ್‌ಗೆ ಶರಣಾದ. ಅಲ್ಲಿಗೆ ಪೇಶ್ವೆಯ ಫೌಜು ಎಂಬುದು ಮುಗಿಯಿತು. ಸವಾರರು ಚದುರಿ ತಂತಮ್ಮ ಊರು ಸೇರಿದರು. ಫೌಜಿನ ಕಾಗದಪತ್ರ ಮಾತ್ರ ಪುಣೆಯಲ್ಲೇ ಉಳಿದು ಗೆದ್ದವರ ಕೈಸೇರಿತು. ಪೇಶ್ವೆ ದಫ್ತರ ಎಂದು ಹೆಸರಾದ ಆ ಸಂಗ್ರಹ ಈಗ ಪುಣೆಯ ಸರ್ಕಾರಿ ಪತ್ರಾಗಾರದಲ್ಲಿದೆ. ಬಟ್ಟೆಯಲ್ಲಿ ಕಟ್ಟಿಟ್ಟ ಒಂದೊಂದು ಗಂಟಿಗೂ ಅಲ್ಲಿ ರುಮಾಲು ಎನ್ನುತ್ತಾರೆ. ಅಂಥ ರುಮಾಲುಗಳು 30,000ಕ್ಕೂ ಹೆಚ್ಚು. ಬೆಳಗಾವಿ, ಧಾರವಾಡ, ಬಾಗಲಕೋಟೆ ಸೀಮೆಯ ಎಷ್ಟೋ ಮನೆಗಳಲ್ಲಿ ‘ನಮ್ಮ ಹಿರೀಕರು ಪೇಶ್ವೆಯ ಕಡೆ ಕುದುರೆ ಏರಿದವರು’ ಎಂಬ ಮಾತು ಇನ್ನೂ ಇದೆ. ಅದು ನಿಜವೋ ಬರಿಯ ಬಡಾಯಿಯೋ ಎಂದು ನೋಡಬೇಕಾದವರು ಕೊನೆಗೆ ಬಂದು ನಿಲ್ಲುವುದು ಈ ರುಮಾಲುಗಳ ಮುಂದೆ.

ಸೋತ ಸೈನ್ಯದ ದಾಖಲೆಯನ್ನು ಗೆದ್ದವರು ಕಾದಿಟ್ಟದ್ದು ಅಭಿಮಾನದಿಂದಲ್ಲ, ಜಮೀನಿನ ಲೆಕ್ಕಕ್ಕಾಗಿ. 1818ರ ಫೆಬ್ರವರಿಯಲ್ಲಿ ಕಂಪನಿಯ ಅಧಿಕಾರಿ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಸಾತಾರೆಯಲ್ಲಿ ಹೊರಡಿಸಿದ ಜಾಹೀರುನಾಮೆ, ವತನ ಇನಾಮುಗಳನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿತು. ಮಾತು ಕೊಟ್ಟ ಮೇಲೆ ಯಾರ ಇನಾಮು ಖರೆ, ಯಾರದು ಸುಳ್ಳು ಎಂದು ತೀರ್ಮಾನಿಸಲು ಹಳೆಯ ದಫ್ತರವೇ ಬೇಕಾಯಿತು. ಈ ತಪಾಸಣೆ ಬಿಗಿಯಾದದ್ದು 1843ರಲ್ಲಿ, ಕಂಪನಿಯವರು ದಕ್ಷಿಣ ಮರಾಠಾ ಪ್ರಾಂತ ಎಂದು ಕರೆಯುತ್ತಿದ್ದ ಧಾರವಾಡ ಬೆಳಗಾವಿಗಳ ಕಡೆಯಿಂದಲೇ. 1852ರ 11ನೆಯ ಕಾಯ್ದೆ ಅದಕ್ಕೆ ಇನಾಂ ಕಮಿಷನ್ ಎಂಬ ರೂಪ ಕೊಟ್ಟಿತು. ಸಾವಿರಾರು ಮನೆತನಗಳು ತಮ್ಮ ಹಕ್ಕು ಸಾಧಿಸಲು ಸನದು, ವಂಶಾವಳಿ, ಹಿರಿಯರ ಚಾಕರಿಯ ಕಥೆ ಎಲ್ಲವನ್ನೂ ತಂದು ಒಪ್ಪಿಸಿದವು. ಆ ದಿನ ಅವರಿಗೆ ಅದು ಸಂಕಟವೇ ಆಗಿತ್ತು, ಬಹಳ ಮಂದಿ ಇನಾಮು ಕಳೆದುಕೊಂಡರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಇಂದು ಸಿಗುವ ಅತಿ ತುಂಬಿದ ದಾಖಲೆಯೂ ಅದೇ.

ಅಮೆರಿಕದಲ್ಲೂ ಹೀಗೆಯೇ ಆಗಿದೆ. 1861–65ರ ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಒಕ್ಕೂಟದ ಸೈನಿಕ ಕಡತಗಳನ್ನು ಗೆದ್ದ ಪಕ್ಷ ವಾಷಿಂಗ್ಟನ್‌ಗೆ ಸಾಗಿಸಿತು. 1903ರಿಂದ ಅಲ್ಲಿನ ಯುದ್ಧ ಇಲಾಖೆಯೇ ಒಬ್ಬೊಬ್ಬ ಸೈನಿಕನಿಗೂ ಚೀಟಿ ಬರೆಸಿತು. ಮುದಿ ಸೈನಿಕರಿಗೂ ವಿಧವೆಯರಿಗೂ ಪಿಂಚಣಿ ಕೊಟ್ಟವು ದಕ್ಷಿಣದ ರಾಜ್ಯಗಳು. ವಂಶದ ಬೇರು ಹುಡುಕುವ ಅಲ್ಲಿನವರೂ ಕದನದ ವರದಿಗಿಂತ ಮೊದಲು ಪಿಂಚಣಿಯ ಅರ್ಜಿಯನ್ನೇ ಕೈಗೆತ್ತಿಕೊಳ್ಳುತ್ತಾರೆ. ಹಣ ಕೇಳಿದವನು ತಾನು ಯಾರ ಮಗ, ಎಲ್ಲಿಯವನು ಎಂದು ಹೇಳಲೇಬೇಕಲ್ಲ.

ಪುಣೆಯಲ್ಲಿ ಹುಡುಕುವವರು ಮೊದಲು ತಿಳಿಯಬೇಕಾದದ್ದು ತಮ್ಮ ಅಜ್ಜ ಯಾವ ಬಗೆಯ ಚಾಕರ ಎಂಬುದನ್ನು. ಸ್ವಂತ ಕುದುರೆ ತಂದವನು ಶಿಲೇದಾರ. ಸರ್ಕಾರದ ಕುದುರೆ ಏರಿದವನು ಬಾರಗೀರ, ಅವನ ಲೆಕ್ಕ ಪಾಗಾ ದಫ್ತರದಲ್ಲಿ. ಕವಾಯತು ಕಲಿತ ಕಾಲಾಳು ಗಾರ್ದಿ. ಸವಾರರ ತಂಡ ಸಾಕಲೆಂದು ಸರದಾರನಿಗೆ ಬಿಟ್ಟುಕೊಟ್ಟ ಊರುಗಳ ಆದಾಯ ಸರಂಜಾಮು. ಶಿಲೇದಾರನ ಕುರುಹು ಕೆಲವೊಮ್ಮೆ ಅವನಿಗಿಂತ ಅವನ ಕುದುರೆಯ ಮೂಲಕವೇ ಸಿಗುತ್ತದೆ. ಅವನ ದುಡಿಮೆಯ ಬಂಡವಾಳವೇ ಕುದುರೆಯಾದ್ದರಿಂದ ಹಾಜರಿಯ ಯಾದಿಯಲ್ಲಿ ಅದರ ಬಣ್ಣ, ಬೆಲೆಗಳಿಗೂ ಜಾಗವಿತ್ತು. ದೊಡ್ಡ ಸರದಾರನ ಕೈಕೆಳಗಿನ ಸಾಮಾನ್ಯ ಸವಾರನ ಹೆಸರು ಹುಜೂರಿನ ಲೆಕ್ಕದಲ್ಲಿ ಬಾರದೇ ಹೋಗುವುದು ಹೆಚ್ಚು. ಪುಣೆಯ ದಫ್ತರಕ್ಕೆ ಬೇಕಾಗಿದ್ದುದು ಸರದಾರ ಎಷ್ಟು ಕುದುರೆ ತಂದ ಎಂಬ ಸಂಖ್ಯೆ, ಏರಿದವರ ಹೆಸರುಗಳಲ್ಲ.

ಕದನದಲ್ಲಿ ಮಡಿದವನ ಮನೆಯವರಿಗೆ ಇನ್ನೊಂದು ದಾರಿಯಿದೆ. ಸತ್ತ ಸೈನಿಕನ ಎಳೆಯ ಮಕ್ಕಳ ಪಾಲನೆಗೆಂದು ಸರ್ಕಾರ ಕೊಡುತ್ತಿದ್ದ ಆಸರೆಗೆ ಬಾಲಪರವೇಶಿ ಎಂದು ಹೆಸರು. ಅಂಥ ನಮೂದು ಸಿಕ್ಕರೆ ತಂದೆಯ ಹೆಸರು, ಮಗನ ಹೆಸರು, ಚಾಕರಿ, ಸಾವು ಎಲ್ಲವೂ ಒಂದೇ ಕಡೆ ಸಿಕ್ಕಂತೆ. ಪಾಣಿಪತ್ತಿನಲ್ಲಿ ಬಿದ್ದವರೆಂದು ಹೇಳಿಕೊಳ್ಳುವ ಮನೆತನಗಳು ನೂರಾರು, ಇಂಥ ಆಧಾರ ತೋರಿಸಬಲ್ಲವರು ಕೆಲವರೇ.

ಮುಂದಿನ ತೊಡಕು ಲಿಪಿಯದು. ದಫ್ತರದ ಬಹುಪಾಲು ಮೋಡಿಯಲ್ಲಿದೆ. ಲೇಖಣಿ ಎತ್ತದೆ ಬರೆದ ಸಾಲು, ಪದಗಳ ನಡುವೆ ಬಿಡುವಿಲ್ಲ, ಹ್ರಸ್ವ ದೀರ್ಘಗಳ ಗೊಡವೆಯೂ ಇಲ್ಲ. ಮರಾಠಿ ಚೆನ್ನಾಗಿ ಬಲ್ಲವರಿಗೂ ಅಭ್ಯಾಸವಿಲ್ಲದೆ ಇದು ದಕ್ಕುವುದಿಲ್ಲ. ವಿ. ಕಾ. ರಾಜವಾಡೆಯವರು 1910ರಲ್ಲಿ ಪುಣೆಯಲ್ಲಿ ಕಟ್ಟಿದ ಭಾರತ ಇತಿಹಾಸ ಸಂಶೋಧಕ ಮಂಡಳ ಮೋಡಿ ಕಲಿಸುತ್ತದೆ, ಅದರದೇ ಕಾಗದಪತ್ರದ ಭಂಡಾರವೂ ಇದೆ.

ಅಕ್ಷರ ಒಲಿದ ಮೇಲೆ ತಾರೀಖು ಕಾಡುತ್ತದೆ. ಪೇಶ್ವೆಯ ಕಾರಕೂನರು ವರ್ಷವನ್ನು ಅಂಕಿಯಲ್ಲಿ ಬರೆಯುವ ಬದಲು ಅರಬ್ಬಿ ಸಂಖ್ಯಾಪದಗಳಲ್ಲಿ, ಬಿಡಿಸ್ಥಾನದಿಂದ ಆರಂಭಿಸಿ ಬರೆಯುತ್ತಿದ್ದರು. ‘ಇಹಿದೆ ಸಿತ್ತೈನ ಮಯಾ ವ ಅಲಫ’ ಎಂದರೆ ಒಂದು, ಅರವತ್ತು, ನೂರು, ಸಾವಿರ. ಸೇರಿ ಸುಹೂರ್ ಸನ 1161. ಈ ವರ್ಷ ಮೃಗಶಿರ ಮಳೆಯ ಹೊತ್ತಿಗೆ, ಜೂನ್ ಆರಂಭದಲ್ಲಿ ಹುಟ್ಟುವುದರಿಂದ ಡಿಸೆಂಬರ್‌ವರೆಗೆ 599, ಆಮೇಲೆ 600 ಕೂಡಿಸಬೇಕು. ಹಾಗೆ ಬರುವುದು 1760–61, ಪಾಣಿಪತ್ತಿನ ವರ್ಷ. ಶಕ ವರ್ಷವಾದರೆ 78, ಫಸಲಿಯಾದರೆ 590 ಕೂಡಿಸಿದರೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಒಂದು ವರ್ಷ ತಪ್ಪಿದರೂ ಅಜ್ಜ ಬೇರೊಂದು ಯುದ್ಧಕ್ಕೆ ಹೋಗಿಬಿಡುತ್ತಾನೆ.

ಹೆಸರಿನ ವಿಷಯದಲ್ಲೂ ಎಚ್ಚರ ಬೇಕು. ಸವಾರರ ಹೆಸರು ‘ಇಂಥವನು ಬಿನ್ ಇಂಥವನು’ ಎಂದು ತಂದೆಯ ಹೆಸರಿನೊಂದಿಗೆ ಬರುವುದು ಸಾಮಾನ್ಯ; ಅಡ್ಡಹೆಸರು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ದೇಸಾಯಿ, ದೇಶಪಾಂಡೆ, ನಾಡಗೌಡ, ಸನದಿ ಮುಂತಾದವು ಕೆಲಸದಿಂದ ಬಂದವು. ಒಂದೇ ಅಡ್ಡಹೆಸರಿನವರೆಲ್ಲ ಒಂದೇ ವಂಶವಲ್ಲ. ಜಮೀನಿನ ಬದಲಿಗೆ ಕೋಟೆ ಮತ್ತು ಊರು ಕಾಯುತ್ತಿದ್ದ ಶೇತಸನದಿಗಳನ್ನು ಪುಣೆಗಿಂತ ಬೆಳಗಾವಿ, ಧಾರವಾಡಗಳ ಹಳೆಯ ಕಂದಾಯ ಕಾಗದಗಳಲ್ಲಿ ಹುಡುಕುವುದೇ ಲೇಸು.

ಆದ್ದರಿಂದ ಮನೆಯ ಕಾಗದವನ್ನೂ ಸರ್ಕಾರದ ಕಾಗದವನ್ನೂ ಜೊತೆಗಿಟ್ಟು ಓದಬೇಕು. ಟ್ರಂಕಿನ ತಳದ ಸನದು, ಮನೆತನದ ಹಕೀಕತ್ತು ಬರೆದಿಟ್ಟ ಕರೀನಾ, ಪಂಢರಪುರ, ನಾಶಿಕ, ಕಾಶಿಗಳ ತೀರ್ಥಪುರೋಹಿತರ ವಹಿಗಳು ಒಳ್ಳೆಯ ಆಧಾರ. ಯಾತ್ರೆಗೆ ಬಂದವನು ತನ್ನ ತಂದೆ, ಅಜ್ಜ, ಅಣ್ಣತಮ್ಮಂದಿರ ಹೆಸರನ್ನು ಅಲ್ಲಿ ಹೇಳಿ ಬರೆಸುತ್ತಿದ್ದ. ಅದರಲ್ಲಿ ಲಾಭದ ಮಾತಿರಲಿಲ್ಲ. ಇನಾಂ ಕಮಿಷನ್‌ಗೆ ಒಪ್ಪಿಸಿದ ಕೈಫಿಯತ್ತು ಹಾಗಲ್ಲ. ಜಮೀನು ಉಳಿಸಿಕೊಳ್ಳಲು ಬರೆದದ್ದು ಅದು. ಹಿರಿಯರ ಪರಾಕ್ರಮ ಅಲ್ಲಿ ಸ್ವಲ್ಪ ಉಬ್ಬಿರುತ್ತದೆ, ವಂಶಾವಳಿಯಲ್ಲಿ ದತ್ತಕ ಹೋದವರ ಸುದ್ದಿ ಮಸುಕಾಗಿರುತ್ತದೆ. ವಹಿಯೂ ಕೈಫಿಯತ್ತೂ ಒಂದೇ ಹೆಸರು ಹೇಳಿದರೆ ನಂಬಬಹುದು.

ರುಮಾಲು ಬಿಚ್ಚಿಸುವ ಮೊದಲು ಅಚ್ಚಾದ ಸಂಪುಟ ನೋಡುವುದು ಜಾಣತನ. ಗೋ. ಸ. ಸರದೇಸಾಯಿಯವರು ಸಂಪಾದಿಸಿದ ದಫ್ತರದ ಆಯ್ದ ಕಾಗದಗಳು 1930ರಿಂದ 45 ಭಾಗಗಳಲ್ಲಿ ಬಂದಿವೆ. ಕನ್ನಡ ನಾಡಿನವರಿಗೆ ಇದಕ್ಕಿಂತ ಹತ್ತಿರದ್ದು ಮಿರಜಿನ ವಾಸುದೇವಶಾಸ್ತ್ರಿ ಖರೆಯವರು ಪ್ರಕಟಿಸಿದ ಪಟವರ್ಧನರ ಪತ್ರಗಳು. 1791ರಲ್ಲಿ ಟಿಪ್ಪುವಿನ ಕಡೆಯವರಿಂದ ಧಾರವಾಡದ ಕೋಟೆ ಬಿಡಿಸಿಕೊಂಡ, 1799ರಲ್ಲಿ ಪಟ್ಟಣಕುಡಿಯಲ್ಲಿ ಕೊಲ್ಹಾಪುರದವರ ಎದುರು ಮಡಿದ ಪರಶುರಾಮಭಾವುವಿನ ಮನೆತನ ಅದು. ಆ ದಂಡಿನಲ್ಲಿ ನಡೆದವರ ಸುದ್ದಿಯನ್ನು ಪುಣೆಗಿಂತ ಮೊದಲು ಈ ಸಂಪುಟಗಳಲ್ಲೇ ಅರಸಬೇಕು. ಬಾಜೀರಾಯನ ಕೊನೆಯ ಯುದ್ಧದ ಸವಾರರಿಗೆ ಈ ಅನುಕೂಲವಿಲ್ಲ. ಅವನ ಆಳ್ವಿಕೆಯಲ್ಲಿ ದಫ್ತರವೇ ಅಸ್ತವ್ಯಸ್ತವಾಗಿತ್ತು. 1818ರ ಜನವರಿ 1ರ ಕೋರೆಗಾಂವ ಕದನದಲ್ಲಿ ಮಡಿದ ಕಂಪನಿ ಪಡೆಯ ಸಿಪಾಯಿಗಳ ಹೆಸರು ಅಲ್ಲಿನ ಕಂಬದ ಮೇಲೆ ಕೆತ್ತಿದೆ. ‘ನಾಕ’ ಎಂದು ಮುಗಿಯುವ ಮಹಾರರ ಹೆಸರುಗಳೂ ಅದರಲ್ಲಿವೆ. ಅದೇ ದಿನ ಪೇಶ್ವೆಯ ಕಡೆ ಬಿದ್ದವರಿಗೆ ಅಂಥ ಕಲ್ಲಿಲ್ಲ.

ಅಜ್ಜನ ಇನಾಮು ಕಮಿಷನ್ನಿನ ತಪಾಸಣೆ ದಾಟಿ ಉಳಿದಿದ್ದರೆ ಎಳೆ ಇನ್ನೂ ಮುಂದಕ್ಕೆ ಬರುತ್ತದೆ. 1863ರ ಮುಂಬಯಿ ಕಾಯ್ದೆಗಳ ಪ್ರಕಾರ ಇನಾಮದಾರರೊಂದಿಗೆ ರಾಜಿಯ ಇತ್ಯರ್ಥವಾಗಿ ಹೊಸ ಸನದುಗಳು ಹೊರಟವು. ಅವು ಈಗಲೂ ಮನೆಗಳಲ್ಲಿ ಸಿಗುತ್ತವೆ. ಸನದಿನ ಸರ್ವೆ ನಂಬರು ಹಿಡಿದು ತಾಲೂಕು ಕಚೇರಿಯ ಹಳೆಯ ಉತಾರಗಳನ್ನು ತೆಗೆಸಿದರೆ ತಲೆಮಾರಿನಿಂದ ತಲೆಮಾರಿಗೆ ವಾರಸಾ ಹೆಸರುಗಳು ಕೂಡಿಕೊಳ್ಳುತ್ತವೆ. ಈ ಸಾಲು ಮುಂಬಯಿ ಸರ್ಕಾರದ 1952ರ ವೈಯಕ್ತಿಕ ಇನಾಂ ರದ್ದತಿ ಕಾಯ್ದೆಯವರೆಗೆ ಬರುತ್ತದೆ. ಅದರ ನಂತರ ಆ ಜಮೀನು ಉಳಿದೆಲ್ಲ ಜಮೀನಿನಂತೆಯೇ ಕಂದಾಯದ ಜಮೀನು.