ಉಪಗ್ರಹದ ಲೆಕ್ಕಕ್ಕೆ ಸಿಗದ ಕಾವಲುಗಳು

ತರೀಕೆರೆ, ಅಜ್ಜಂಪುರ ಮತ್ತು ಕಡೂರು ಚಿಕ್ಕಮಗಳೂರು ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳು. ಪಶ್ಚಿಮದ ಲಕ್ಕವಳ್ಳಿಯ ಬಳಿ ಭದ್ರಾ ಅಭಯಾರಣ್ಯದ ದಟ್ಟ ಕಾಡಿದೆ. ಅಲ್ಲಿಂದ ಮೂಡಲಿಗೆ ಸಾಗಿದಂತೆ ಮಳೆ ಕ್ಷೀಣಿಸಿ, ಅಡಿಕೆ ತೋಟಗಳು ಹಿಂದೆ ಸರಿದು, ಬಯಲುಸೀಮೆಯ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ದೇಶದ ಅರಣ್ಯ ಗಣತಿಯ ಸಾಮರ್ಥ್ಯ ಮತ್ತು ಮಿತಿ ಎರಡನ್ನೂ ಅರಿಯಲು ಈ ಪ್ರದೇಶ ಒಳ್ಳೆಯ ನಿದರ್ಶನ.

1981ರಲ್ಲಿ ಸ್ಥಾಪನೆಯಾದ ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯು ಉಪಗ್ರಹ ಚಿತ್ರಗಳನ್ನು ಆಧರಿಸಿದ ತನ್ನ ಮೊದಲ ವರದಿಯನ್ನು 1987ರಲ್ಲಿ ಹೊರತಂದಿತು. 2023ರ ವರದಿಯಂತೆ ದೇಶದ ಅರಣ್ಯ ಹೊದಿಕೆ 7,15,343 ಚದರ ಕಿ.ಮೀ., ಅಂದರೆ ಭೂಪ್ರದೇಶದ ಶೇ 21.76. ಆದರೆ ಈ ಅಂಕಿಯ ಹಿಂದಿರುವ ವ್ಯಾಖ್ಯೆಯನ್ನು ಗಮನಿಸಬೇಕು. ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ಹೆಚ್ಚಿನ ಜಾಗದಲ್ಲಿ ಮರಗಳ ನೆರಳು ಶೇ 10ರಷ್ಟಿದ್ದರೆ ಅದು ಅರಣ್ಯ ಹೊದಿಕೆ. ಮರ ಯಾವ ಜಾತಿಯದು, ನೆಲ ಯಾರದು ಎಂಬ ಪ್ರಶ್ನೆ ಅಲ್ಲಿಲ್ಲ. ಹೀಗಾಗಿ ಕಾಫಿ ತೋಟ, ಅಡಿಕೆ ತೋಟ, ನೀಲಗಿರಿ ನೆಡುತೋಪುಗಳು ಲೆಕ್ಕಕ್ಕೆ ಸೇರುತ್ತವೆ; ಸಹಜ ಹುಲ್ಲುಗಾವಲು ಹೊರಗುಳಿಯುತ್ತದೆ. ಇದು ಉಪಗ್ರಹದ ದೋಷವಲ್ಲ, ನಾವು ಅದಕ್ಕೆ ಕೇಳಿದ ಪ್ರಶ್ನೆಯ ದೋಷ. ಗೃಹಿಣಿಯ ದುಡಿಮೆ ರಾಷ್ಟ್ರೀಯ ವರಮಾನದ ಲೆಕ್ಕಕ್ಕೆ ಬಾರದಂತೆಯೇ ಇದೂ ಕೂಡ.

ಹೊರಗುಳಿಯುವುದು ಸಾಮಾನ್ಯ ಆಸ್ತಿಯಲ್ಲ. ಮೈಸೂರು ಅರಸರ ಕಾಲದ 'ಬೆಣ್ಣೆ ಚಾವಡಿ' ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಆ ರಾಸುಗಳಿಗೆಂದು ಮೀಸಲಾದ ಕಾವಲುಗಳು ಇಂದಿಗೂ ಈ ಭಾಗದಲ್ಲಿ ಉಳಿದಿವೆ. ತಳಿ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲಿದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಏಳು ಚದರ ಕಿ.ಮೀ.ಗೂ ಮಿಕ್ಕಿದ ಈ ಹುಲ್ಲುನೆಲ ಕೃಷ್ಣಮೃಗಗಳ ನೆಲೆ.

ಈ ಕೊರತೆಯನ್ನು ತುಂಬುವ ಮಹತ್ವದ ಪ್ರಯತ್ನ ನಮ್ಮ ರಾಜ್ಯದ ಸಂಶೋಧಕರಿಂದಲೇ ಆಗಿದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಹಸ್ಥಾಪಕ ಎಂ.ಡಿ. ಮಧುಸೂದನ್ ಅವರು ಬೆಂಗಳೂರಿನ ಏಟ್ರೀ ಸಂಸ್ಥೆಯ ಅಬಿ ತಮೀಮ್ ವನಕ್ ಅವರೊಡನೆ, ದೂರಸಂವೇದಿ ದತ್ತಾಂಶದ ನೆರವಿನಿಂದ ದೇಶದ ಅರೆಶುಷ್ಕ ಬಯಲುಗಳ ನಕ್ಷೆ ರಚಿಸಿದರು. 2023ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಹುಲ್ಲುಗಾವಲು, ಕುರುಚಲು, ಬಂಡೆನೆಲಗಳಂಥ ತೆರೆದ ಸಹಜ ಪರಿಸರಗಳ ವಿಸ್ತೀರ್ಣ ಸುಮಾರು ಮೂರು ಲಕ್ಷ ಚದರ ಕಿ.ಮೀ.; ದೇಶದ ನೆಲದ ಸುಮಾರು ಹತ್ತನೆಯ ಒಂದು ಭಾಗ. ಸಂರಕ್ಷಿತ ಪ್ರದೇಶಗಳ ವ್ಯಾಪ್ತಿಯಲ್ಲಿರುವುದು ಅದರಲ್ಲಿ ಶೇ 5ಕ್ಕೂ ಕಡಿಮೆ. ಹೆಚ್ಚಿನ ಭಾಗ ಸರ್ಕಾರಿ ನಕ್ಷೆಗಳಲ್ಲಿ 'ಪಾಳುಭೂಮಿ' ಎನಿಸಿಕೊಂಡಿದೆ.

ಆಡಳಿತದಲ್ಲಿ ದುಡಿದವರಿಗೆ ಈ ಒಂದು ಪದದ ತೂಕ ತಿಳಿದಿರುತ್ತದೆ. ಪಾಳು ಎಂದು ದಾಖಲಾದ ಜಮೀನು ಯಾವ ಯೋಜನೆಗೂ ಸುಲಭವಾಗಿ ಮಂಜೂರಾಗುತ್ತದೆ. ಚಳ್ಳಕೆರೆಯ ಸುಮಾರು ಹತ್ತು ಸಾವಿರ ಎಕರೆ ಕಾವಲು 2010ರ ಆಸುಪಾಸಿನಲ್ಲಿ ರಕ್ಷಣಾ, ಅಣುಶಕ್ತಿ ಸಂಸ್ಥೆಗಳ ಪಾಲಾಯಿತು. ಉಪಗ್ರಹಗಳನ್ನು ನಿರ್ಮಿಸುವ ಇಸ್ರೋ ಕೂಡ ಅಲ್ಲಿ ಜಮೀನು ಪಡೆದದ್ದು ವಿಪರ್ಯಾಸ. ಇನ್ನೊಂದು ಅಪಾಯ ಹಸಿರಿನ ಹೆಸರಿನಲ್ಲೇ ಬರುತ್ತದೆ. ಅಣೆಕಟ್ಟು, ಗಣಿಗಳಿಗೆ ಕಾಡು ಕೊಟ್ಟಾಗ ಬದಲಿ ಅರಣ್ಯ ಬೆಳೆಸಬೇಕೆಂಬ ನಿಯಮವಿದೆ. ಸಸಿ ನೆಡಲು ಖಾಲಿ ಕಾಣುವ ಹುಲ್ಲುಗಾವಲನ್ನೇ ಹುಡುಕುವ ಪ್ರವೃತ್ತಿಯಿದೆ. ಅಲ್ಲಿ ತೋಪು ಎದ್ದರೆ ಅಂಕಿಅಂಶದಲ್ಲಿ ಅರಣ್ಯ ಹೆಚ್ಚುತ್ತದೆ. ಕೃಷ್ಣಮೃಗ, ತೋಳ, ಕುರಿಗಾಹಿಗಳು ನೆಲೆ ಕಳೆದುಕೊಳ್ಳುತ್ತಾರೆ.

ಪರಿಹಾರ ದುಬಾರಿಯಲ್ಲ. ಅರಣ್ಯ ವರದಿಯಲ್ಲಿ ಸಹಜ ಹುಲ್ಲುಗಾವಲಿಗೂ, ನೆಡುತೋಪಿಗೂ ಪ್ರತ್ಯೇಕ ಅಂಕಣಗಳಿರಲಿ. ಸಸಿ ನೆಡುವ ಮೊದಲು ಉಪಗ್ರಹ ನಕ್ಷೆಯನ್ನು ಸ್ಥಳದಲ್ಲೇ ತಾಳೆ ನೋಡುವುದು, ಅಲ್ಲಿ ದನಕುರಿ ಮೇಯಿಸುವವರನ್ನು ವಿಚಾರಿಸುವುದು ಕಡ್ಡಾಯವಾಗಲಿ. ಕಂದಾಯ ದಾಖಲೆಗಳಲ್ಲಿ ಕಾವಲುಗಳಿಗೆ ಅಂಟಿದ 'ಪಾಳು' ಎಂಬ ಹಣೆಪಟ್ಟಿ ಹೋಗಲಿ. ಲಕ್ಕವಳ್ಳಿಯ ಕಾಡಿಗಿರುವ ಮಾನ್ಯತೆ ಬಾಸೂರಿನ ಹುಲ್ಲಿಗೂ ದೊರೆತಾಗ ಮಾತ್ರ ನಮ್ಮ ಅರಣ್ಯ ಗಣತಿ ಸಂಪೂರ್ಣವಾದೀತು.