ಎಪ್ಪತ್ತು ಅಂಕದ ಹೃದಯ

ಅಣ್ಣನು ಮೂವತ್ತನೆಯ ವಯಸ್ಸಿನಲ್ಲಿ ಆಟದ ಬಯಲಿನಲ್ಲಿಯೇ ಕುಸಿದು ಪ್ರಾಣಬಿಟ್ಟ ಬಳಿಕ ತಾವೂ ಎಕೋ ಮಾಡಿಸಿಕೊಂಡ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೃದಯದ ಗೋಡೆ ದಪ್ಪಗಿದೆಯೆಂದು ವೈದ್ಯರು ಹೇಳಿದರೂ ವರದಿಯಲ್ಲಿ ಇ.ಎಫ್. ಶೇಕಡಾ 70 ಎಂದಿರುವಾಗ, ಅಷ್ಟು ಬಲವಾದ ಹೃದಯಕ್ಕೆ ಭಯವೇಕೆಂಬುದು ಅವರ ಪ್ರಶ್ನೆ. ಮನೆಯ ಹಿರಿಯರಾದರೋ ಇದು ನಾಗದೋಷವೆಂದು ನಿಶ್ಚಯಿಸಿ ಶಾಂತಿಗೆ ದಿನ ನೋಡುತ್ತಿರುವರಂತೆ.

ಬಡಪಾಯಿ ಹಾವಿನ ಮೇಲೆ ಈ ಅಪವಾದವನ್ನು ಹೊರಿಸುವುದು ಅನ್ಯಾಯ. ಹೃತ್ಸ್ನಾಯುವಿನ ಪ್ರೋಟೀನುಗಳನ್ನು ರೂಪಿಸುವ ಜೀನಿನಲ್ಲಿ ದೋಷವುಂಟಾಗಿ ತಂದೆಯಿಂದಲೋ ತಾಯಿಯಿಂದಲೋ ಬರುವ, ಸುಮಾರು 500 ಜನರಲ್ಲಿ ಒಬ್ಬರಿಗಿರುವ ಈ ವ್ಯಾಧಿಗೆ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಎಂದು ಹೆಸರು.

ಇದನ್ನು ಕಾಣಿಸಿಕೊಡುವ ಎಕೋ ಯಂತ್ರದ ಪೂರ್ವಜನು ಲೋಹದ ಬಿರುಕುಗಳನ್ನು ಹುಡುಕಲು ಹಡಗುಕಟ್ಟೆಯಲ್ಲಿ ದುಡಿಯುತ್ತಿದ್ದವನು. ಅಂತಹ ಉಪಕರಣದಿಂದಲೇ 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ವೈದ್ಯ ಎಡ್ಲರ್, ಭೌತವಿಜ್ಞಾನಿ ಹರ್ಟ್ಸ್ ಎಂಬಿಬ್ಬರು ಮಿಡಿಯುವ ಹೃದಯದ ಪ್ರತಿಧ್ವನಿಯನ್ನು ದಾಖಲಿಸಿದರು.

ಇನ್ನು ಆ ಎಪ್ಪತ್ತರ ವಿಚಾರ. ಇ.ಎಫ್. ಎಂಬುದು ಪರೀಕ್ಷೆಯ ಅಂಕವಲ್ಲ, ಅನುಪಾತ. ತುಂಬಿನಿಂತ ಎಡ ಹೃತ್ಕುಕ್ಷಿಯ ರಕ್ತದಲ್ಲಿ ಎಷ್ಟು ಪಾಲು ಒಂದು ಮಿಡಿತಕ್ಕೆ ಹೊರಹೋಯಿತೆಂಬ ಲೆಕ್ಕ. 120 ಮಿಲಿಲೀಟರ್ ಹಿಡಿಯುವ ಕುಕ್ಷಿ 72ನ್ನು ಹೊರದೂಡಿದರೆ ಶೇಕಡಾ 60 ಆಯಿತು. ಗೋಡೆ ಒಳಕ್ಕೆ ಬೆಳೆದು 80 ಮಾತ್ರ ಹಿಡಿಯುವಂತಾದ ಕುಕ್ಷಿ 56ನ್ನು ದೂಡಿದರೂ ಶೇಕಡಾ 70 ಆಗುತ್ತದೆ. ಮೈಗೆ ದಕ್ಕಿದ ರಕ್ತ ಕಡಿಮೆ, ಕಾಗದದ ಮೇಲಿನ ಸಂಖ್ಯೆ ಹೆಚ್ಚು! ಹಠಾನ್ಮರಣಕ್ಕೆ ಕಾರಣವಾಗುವ ಲಯಭಂಗವೂ ಈ ಸಂಖ್ಯೆಯನ್ನು ಲಕ್ಷಿಸುವುದಿಲ್ಲ.

ಹಾಗಾದರೆ ಸ್ನಾಯುವಿನ ನಿಜಸ್ಥಿತಿಯನ್ನು ತಿಳಿಯುವುದು ಹೇಗೆ? ಮಿತ್ರರೊಬ್ಬರ ಎಕೋ ನಡೆಯುತ್ತಿದ್ದಾಗ ಪಕ್ಕದಲ್ಲಿ ನಿಂತು ನಾನು ಮೈಮರೆತು ನೋಡಿದ ಸಂಗತಿಯಿದು: ತೆರೆಯ ಮೇಲೆ ಹೃದಯದ ಗೋಡೆಯು ರವೆ ಚೆಲ್ಲಿದಂತೆ ಸೂಕ್ಷ್ಮ ಚುಕ್ಕೆಗಳಿಂದ ತುಂಬಿರುತ್ತದೆ. ಸ್ನಾಯುವಿನ ಅತಿಸಣ್ಣ ರಚನೆಗಳಿಂದ ಚದುರಿಬಂದ ಧ್ವನಿತರಂಗಗಳು ಒಂದರೊಡನೊಂದು ಬೆರೆತು ಮೂಡಿಸುವ ಈ ಚುಕ್ಕೆಗಳ ವಿನ್ಯಾಸ ಸ್ನಾಯುವಿನ ಒಂದೊಂದು ತುಣುಕಿಗೂ ಒಂದೊಂದು ಬಗೆಯದಾಗಿದ್ದು, ಸ್ನಾಯು ಸರಿದಂತೆ ತಾನೂ ಸರಿಯುವುದರಿಂದ, ಗಣಕಯಂತ್ರವು ಅದನ್ನು ಚಿತ್ರದಿಂದ ಚಿತ್ರಕ್ಕೆ ಹಿಂಬಾಲಿಸಿ ಯಾವ ಭಾಗ ಎಷ್ಟು ಕುಗ್ಗಿತೆಂದು ಅಳೆಯಬಲ್ಲುದು. ಆರೋಗ್ಯವಂತ ಕುಕ್ಷಿಯ ಸ್ನಾಯು ಬುಡದಿಂದ ತುದಿಯವರೆಗಿನ ಉದ್ದದಲ್ಲಿ ಸುಮಾರು ಶೇಕಡಾ 20ರಷ್ಟು ಕುಗ್ಗುತ್ತದೆ. ಈ ವ್ಯಾಧಿಯಲ್ಲಿ ಇ.ಎಫ್. ಎಪ್ಪತ್ತಿರುವಾಗಲೂ ಆ ಕುಗ್ಗುವಿಕೆ ಇಳಿದಿರಬಹುದು, ಅದರಲ್ಲಿಯೂ ಗೋಡೆ ಅತಿ ದಪ್ಪಗಿರುವೆಡೆ. ಪ್ರತಿಧ್ವನಿಯ ಬರಿಯ ಕಲಬೆರಕೆಯೊಳಗಿಂದ ಇಂತಹ ಸತ್ಯವನ್ನು ಹೆಕ್ಕಿ ತೆಗೆದ ಬುದ್ಧಿಗೆ ನಾನು ಮನಸಾರೆ ನಮಸ್ಕರಿಸುತ್ತೇನೆ.

ಪತ್ರ ಬರೆದ ಮಹನೀಯರೇ, ಗೋಡೆಯ ದಪ್ಪ 15 ಮಿಲಿಮೀಟರಿಗೆ ಮುಟ್ಟಿದರೆ ರೋಗವೆಂದು ಸಾಮಾನ್ಯವಾಗಿ ಪರಿಗಣಿಸುವ ವೈದ್ಯರು, ರೋಗಿಯ ಒಡಹುಟ್ಟಿದವರಲ್ಲಿಯೂ ಮಕ್ಕಳಲ್ಲಿಯೂ 13ಕ್ಕೇ ಎಚ್ಚರಗೊಳ್ಳುತ್ತಾರೆ. ಗೋಡೆ ಹಲವರಲ್ಲಿ ಹದಿಹರೆಯದಲ್ಲಿಯೂ ಕೆಲವರಲ್ಲಿ ನಡುವಯಸ್ಸಿನಲ್ಲಿಯೂ ದಪ್ಪಗಾಗತೊಡಗುವುದರಿಂದ, ಒಮ್ಮೆ ಸರಿಯಿದ್ದ ಎಕೋ ಎಂದೆಂದಿಗೂ ಸಾಲುವುದಿಲ್ಲ. ನಿಮಗೊಬ್ಬ ತಂಗಿಯಿದ್ದಾಳೆಂದು ಬರೆದಿದ್ದೀರಿ. ಮುಂದಿನ ಬಾರಿ ಆಸ್ಪತ್ರೆಗೆ ಹೋಗುವಾಗ ದಯಮಾಡಿ ಆಕೆಯನ್ನೂ ಕರೆದೊಯ್ಯಿರಿ.