ವಿಶ್ವವಿದ್ಯಾಲಯದ ಗಣಕ, ಮೋಟೆಬೆನ್ನೂರಿನ ಮನೆ

ವಧೂವರರ ಅಂಕಣಗಳನ್ನು ಓದುವ ಹಿರಿಯರಿಗೆ ಒಂದು ಸಂಗತಿ ಗೊತ್ತಿದ್ದೇ ಇದೆ. ವರನ ಉದ್ಯೋಗದ ಮುಂದೆ ‘ಐಟಿ’ ಎಂಬ ಎರಡಕ್ಷರ ಕಂಡರೆ ಮನೆಯವರ ಕಣ್ಣ ಮುಂದೆ ಬೆಂಗಳೂರಿನ ಗಾಜಿನ ಕಟ್ಟಡವೋ ಅಮೇರಿಕದ ವಿಮಾನವೋ ಬಂದು ನಿಲ್ಲುತ್ತದೆ. ‘ವಿಶ್ವವಿದ್ಯಾಲಯದಲ್ಲಿ ನೌಕರಿ’ ಎಂದಿದ್ದರೆ ಕಾಯಂ ಹುದ್ದೆ, ನಿವೃತ್ತಿ ವೇತನ, ಊರಿನಲ್ಲಿ ಮರ್ಯಾದೆ. ಇವೆರಡೂ ಒಂದೇ ವರನಲ್ಲಿ ಕೂಡಿದರೆ ಕೇಳುವುದೇ ಬೇಡ. ಆದರೆ ಇವೆರಡೂ ಕೂಡಿದ ಮನೆಯೊಳಗೆ ಬದುಕು ನಿಜವಾಗಿ ಹೇಗೆ ಸಾಗುತ್ತದೆ ಎಂಬುದನ್ನು ಕೇಳಿದವರು ಕಡಿಮೆ. ಅದನ್ನು ತಿಳಿಯುವ ಸಲುವಾಗಿ ನಾವು ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಒಂದು ಮನೆಗೆ ಹೋಗಿಬಂದೆವು. ಹೆಸರು ಹಾಕುವುದು ಬೇಡವೆಂದು ಮನೆಯವರು ಕೇಳಿಕೊಂಡರು. ಕಾರಣ ಮುಂದೆ ತಿಳಿಯುತ್ತದೆ.

ಮೋಟೆಬೆನ್ನೂರು ಹಾವೇರಿ ಹಾಗೂ ರಾಣೆಬೆನ್ನೂರುಗಳ ನಡುವೆ ಹೆದ್ದಾರಿಗೆ ಹತ್ತಿಕೊಂಡಿರುವ ಊರು. ಬ್ಯಾಡಗಿಯ ಹೆಸರು ಹೊತ್ತ ರೈಲು ನಿಲ್ದಾಣವಿರುವುದೂ ಇಲ್ಲಿಯೇ. 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದವರಲ್ಲಿ ಕರ್ನಾಟಕದಿಂದ ಇದ್ದ ಏಕೈಕ ತರುಣ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಹುತಾತ್ಮ ಮೈಲಾರ ಮಹದೇವಪ್ಪನವರು ಹುಟ್ಟಿದ್ದು ಇದೇ ಊರಿನಲ್ಲಿ. ಸುತ್ತಲಿನ ಹೊಲಗಳಲ್ಲಿ ಮೆಣಸಿನಕಾಯಿ, ಗೋವಿನಜೋಳ, ಹತ್ತಿ. ಇಂಥ ಊರಿನಿಂದ ಮೂವತ್ತನಾಲ್ಕು ವರ್ಷದ ಈ ತರುಣರು ದಿನಾಲು ಬೆಳಿಗ್ಗೆ ಹೊರಟು ಜಿಲ್ಲೆಯ ಒಂದು ವಿಶ್ವವಿದ್ಯಾಲಯದ ಗಣಕ ವಿಭಾಗಕ್ಕೆ ಹೋಗಿಬರುತ್ತಾರೆ.

ಮನೆ ಹಳೆಯದು. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅದರಾಚೆ ಅಡುಗೆಮನೆ, ಹಿತ್ತಲಲ್ಲಿ ಎರಡು ಎಮ್ಮೆ. ಐದು ಗಂಟೆಗೆ ಅವ್ವ ಎದ್ದು ರೊಟ್ಟಿಗೆ ಹಿಟ್ಟು ನಾದಿಕೊಳ್ಳುತ್ತಾರೆ. ಅಪ್ಪ ಮಿಂದು ವಿಭೂತಿ ಧರಿಸಿ ಲಿಂಗಪೂಜೆಗೆ ಕುಳಿತಿರುವಾಗ ಮಗ ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು, ರಾತ್ರಿ ಬಂದ ದೂರುಗಳನ್ನು ನೋಡುತ್ತಿರುತ್ತಾರೆ. ಮೊದಮೊದಲು ಇದು ತಂದೆಯವರಿಗೆ ಸರಿಬರಲಿಲ್ಲವಂತೆ. ಈಗ ಮಗ ಪೂಜೆ ಮುಗಿಸಿದ ಮೇಲೆಯೇ ಲ್ಯಾಪ್‌ಟಾಪ್ ಮುಟ್ಟಬೇಕೆಂಬ ಕರಾರಿನ ಮೇಲೆ ರಾಜಿಯಾಗಿದೆ. ಪರೀಕ್ಷೆಯ ತಿಂಗಳಲ್ಲಿ ಮಾತ್ರ ಆ ಕರಾರು ಸಡಿಲವಾಗುತ್ತದೆಂದು ಸೊಸೆ ನಕ್ಕು ಹೇಳಿದರು. ಸೊಸೆ ಬ್ಯಾಡಗಿಯ ಒಂದು ಖಾಸಗಿ ಶಾಲೆಯಲ್ಲಿ ಶಿಕ್ಷಕಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಅವರ ಬಸ್ಸಿನ ಖರ್ಚು ಉಳಿದಿದೆ, ಸೀಟು ಸಿಗುವುದು ಕಷ್ಟವಾಗಿದೆ. ಆರು ವರ್ಷದ ಮಗಳು ಅವರ ಕೈಹಿಡಿದು ಅದೇ ಶಾಲೆಗೆ ಹೋಗುತ್ತಾಳೆ. ಗಂಡನಿಗೆ ಹಾವೇರಿಯ ಕಡೆಗೆ ಬಸ್ಸು. ಎರಡು ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟಿಕೊಂಡು ಎಂಟೂವರೆಗೆ ಹೊರಟರೆ ಮರಳುವುದಕ್ಕೆ ನೇಮವಿಲ್ಲ.

ಕೆಲಸವೇನೆಂದು ಕೇಳಿದೆವು. “ಸರ್ವರ್ ಡೌನ್ ಅದ ಅಂತ ಹೇಳೂದ್ರೀ” ಎಂದು ಅವರು ನಕ್ಕರು. ಬಳಿಕ ವಿವರಿಸಿದರು. 2021-22ರಿಂದ ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳ ಪದವಿ ತರಗತಿಗಳ ಪ್ರವೇಶ, ಪರೀಕ್ಷಾ ಅರ್ಜಿ, ಪ್ರವೇಶಪತ್ರ, ಆಂತರಿಕ ಅಂಕ, ಫಲಿತಾಂಶ ಇವೆಲ್ಲವೂ ಯುಯುಸಿಎಂಎಸ್ ಎಂಬ ಏಕೀಕೃತ ವ್ಯವಸ್ಥೆಗೆ ಸೇರತೊಡಗಿದವು. ಅದಕ್ಕೂ ಮೊದಲು ಪ್ರತಿ ವಿಶ್ವವಿದ್ಯಾಲಯಕ್ಕೂ ತನ್ನದೇ ತಂತ್ರಾಂಶ, ತನ್ನದೇ ಪದ್ಧತಿ. ಈಗ ವಿದ್ಯಾರ್ಥಿಯೇ ತನ್ನ ಮೊಬೈಲಿನಲ್ಲಿ ಅರ್ಜಿ ತುಂಬುತ್ತಾನೆ, ಕಾಲೇಜು ಅದನ್ನು ಒಪ್ಪುತ್ತದೆ, ವಿಶ್ವವಿದ್ಯಾಲಯ ಪರಿಶೀಲಿಸುತ್ತದೆ. ಕಾಗದ ಕಡಿಮೆಯಾಯಿತು, ಧಾರವಾಡದವರೆಗೆ ಕಡತ ಹೊತ್ತುಕೊಂಡು ಹೋಗುವ ಗುಮಾಸ್ತರ ಪ್ರಯಾಣ ತಪ್ಪಿತು. ಆದರೆ ಅರ್ಜಿಯ ಕಡೆಯ ದಿನ ರಾಜ್ಯದ ವಿದ್ಯಾರ್ಥಿಗಳೆಲ್ಲರೂ ಒಂದೇ ಬಾಗಿಲಿಗೆ ಬಂದು ನಿಂತಾಗ ಬಾಗಿಲು ಬಿಗಿಯಾಗುತ್ತದೆ. ಆ ಬಾಗಿಲು ಎಲ್ಲಿಯೋ ಇದೆ, ಸಿಟ್ಟಿಗೆ ಸಿಕ್ಕುವವರು ಮಾತ್ರ ಇಲ್ಲಿ ಕುರ್ಚಿಯ ಮೇಲೆ ಕುಳಿತವರು.

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುವುದು ಯಂತ್ರವಲ್ಲ, ಹೆಸರು ಎಂದಾಗ ನಮಗೆ ಆಶ್ಚರ್ಯವಾಯಿತು. ಓದುಗರು ಇದನ್ನು ತುಸು ಗಮನವಿಟ್ಟು ಓದಬೇಕೆಂದು ನಮ್ಮ ವಿನಂತಿ, ಏಕೆಂದರೆ ಇದು ನಮ್ಮ ನಿಮ್ಮ ಮನೆಯ ಮಕ್ಕಳ ಮಾತು. ನಮ್ಮ ಕಡೆ ಹೆಸರೆಂದರೆ ಮೂರು ತುಂಡು: ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಹಳೆಯ ಮೈಸೂರಿನ ಕಡೆಯಂತೆ ಒಂದಕ್ಷರದ ಇನಿಶಿಯಲ್ಲು ನಮ್ಮ ರೂಢಿಯಲ್ಲ. ಹುಡುಗಿ ಶಾಲೆಗೆ ಸೇರುವಾಗ ಮಾಸ್ತರರು ಬರೆದುಕೊಂಡದ್ದು ಒಂದು ರೀತಿ. ಆಧಾರ್ ಮಾಡಿಸುವಾಗ ಕೇಂದ್ರದ ಹುಡುಗ ಒತ್ತಿದ್ದು ಇನ್ನೊಂದು ರೀತಿ. ಬ್ಯಾಂಕಿನ ಪುಸ್ತಕದಲ್ಲಿ ಅಡ್ಡಹೆಸರು ಮೊದಲು. ಕನ್ನಡದಲ್ಲಿ ‘ಮೆಣಸಿನಕಾಯಿ’ ಎಂದರೆ ಒಂದೇ ಮನೆತನ, ಇಂಗ್ಲಿಷಿನಲ್ಲಿ ಬರೆದಾಗ ಕೊನೆಗೆ ‘ವೈ’ ಬಂದರೆ ಒಬ್ಬಳು, ‘ಐ’ ಬಂದರೆ ಮತ್ತೊಬ್ಬಳು. ‘ಬಸವರಾಜ’ನ ಬಾಲಕ್ಕೆ ಒಂದು ‘ಎ’ ಇದ್ದರೆ ಬೇರೆ ತಂದೆ, ಇಲ್ಲದಿದ್ದರೆ ಬೇರೆ ತಂದೆ. ಓದು ಮುಗಿಯುವ ಮೊದಲೇ ಲಗ್ನವಾಗಿ ಆಧಾರಿನಲ್ಲಿ ಗಂಡನ ಹೆಸರು ಸೇರಿಸಿಕೊಂಡ ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಮನುಷ್ಯರಿಗೆ ಇವೆಲ್ಲವೂ ಒಬ್ಬಳೇ ಎಂದು ತಿಳಿಯುತ್ತದೆ, ಯಂತ್ರಕ್ಕೆ ತಿಳಿಯುವುದಿಲ್ಲ.

ಮೊದಲು ಇದು ಸಣ್ಣ ಸಂಗತಿಯಾಗಿತ್ತು. ಈಗ ವಿದ್ಯಾರ್ಥಿಯ ಕ್ರೆಡಿಟ್‌ಗಳನ್ನು ಕೂಡಿಡುವ ಎಬಿಸಿ ಖಾತೆ, ಅಂಕಪಟ್ಟಿಯನ್ನು ಇರಿಸುವ ಡಿಜಿಲಾಕರ್, ವಿದ್ಯಾರ್ಥಿವೇತನ ನೀಡುವ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಎಲ್ಲವೂ ಆಧಾರಿನ ಜೊತೆ ತಾಳೆ ನೋಡುತ್ತವೆ. ಹೆಸರು ತಾಳೆಯಾಗದಿದ್ದರೆ ಹಣ ಬರುವುದಿಲ್ಲ. ಕೂಲಿಯವರ ಮಗಳೊಬ್ಬಳು ಒಂದಕ್ಷರದ ಸಲುವಾಗಿ ಮೂರು ಸಲ ಬಂದು, ಮೂರನೆಯ ಸಲ ಬರುವಾಗ ತಂದೆಯ ಒಂದು ದಿನದ ಕೂಲಿಯನ್ನೂ ಕಳೆದು ಕರೆತಂದಳಂತೆ. “ಅವರಪ್ಪ ನನಗ ಕೈಮುಗಿದ್ರರೀ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವತ್ತ ರಾತ್ರಿ ಊಟ ಸೇರಲಿಲ್ಲ” ಎಂದರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಕಾಗುಣಿತವನ್ನೇ ಆಧಾರಿಗೂ ಬ್ಯಾಂಕಿಗೂ ಹೊಂದಿಸಿಡಿ, ಅದೂ ಪಿಯುಸಿ ಓದುವಾಗಲೇ ಮಾಡಿ ಎಂದು ಪಾಲಕರಿಗೆ ತಿಳಿಸಬೇಕೆಂದು ಅವರು ನಮ್ಮನ್ನು ಮತ್ತೆ ಮತ್ತೆ ಕೇಳಿಕೊಂಡರು. ತಿಳಿಸಿದ್ದೇವೆ.

ಇನ್ನೊಂದು ತೊಡಕು ಸರ್ಕಾರದ ನೀತಿಗಳದು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂದಿತು. 2024ರ ಮೇ ತಿಂಗಳ ಆದೇಶದಿಂದ ಅದೇ ಸಾಲಿಗೆ ಮರಳಿ ಮೂರು ವರ್ಷವಾಯಿತು. ಆದೇಶವೊಂದು ಹೊರಡುವುದಕ್ಕೆ ಒಂದು ಸಹಿ ಸಾಕು. ಆದರೆ 2024-25ರಲ್ಲಿ ಮೊದಲ ವರ್ಷದವರು ಹೊಸ ಪದ್ಧತಿಯಲ್ಲಿ, ಎರಡನೆಯ ಮೂರನೆಯ ವರ್ಷದವರು ಹಿಂದಿನ ಪದ್ಧತಿಯಲ್ಲಿ, ಅನುತ್ತೀರ್ಣರಾಗಿ ಉಳಿದವರು ಅದಕ್ಕೂ ಹಿಂದಿನ ಪದ್ಧತಿಯಲ್ಲಿ ಒಂದೇ ಕಟ್ಟಡದಲ್ಲಿ ಪರೀಕ್ಷೆಗೆ ಕುಳಿತರು. ಪ್ರತಿಯೊಂದಕ್ಕೂ ಬೇರೆ ವಿಷಯ ಸಂಕೇತ, ಬೇರೆ ಕ್ರೆಡಿಟ್. ಇವುಗಳಲ್ಲಿ ಯಾವ ನೀತಿ ಮೇಲೆಂದು ನಾವು ತೀರ್ಪು ಹೇಳಹೊರಟಿಲ್ಲ. ಬದಲಾವಣೆಯ ಭಾರ ಎಲ್ಲಿ ಹೋಗಿ ಬೀಳುತ್ತದೆ ಎಂಬುದನ್ನಷ್ಟೇ ಹೇಳಿದೆವು.

ಫಲಿತಾಂಶದ ಹಿಂದಿನ ರಾತ್ರಿ ವಿಭಾಗದವರು ಮನೆಗೆ ಹೋಗುವುದಿಲ್ಲ. ಅಂಥದೊಂದು ರಾತ್ರಿ ಮಗಳಿಗೆ ಜ್ವರ ಏರಿತ್ತು. ತಾಯಿ ಫೋನು ಮಾಡಿದರೆ ಇವರು ಎತ್ತಲಿಲ್ಲ. ಕಡೆಗೆ ಅಜ್ಜನೇ ಮೊಮ್ಮಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ನೆರೆಮನೆಯವರ ಗಾಡಿಯಲ್ಲಿ ಬ್ಯಾಡಗಿಯ ದವಾಖಾನೆಗೆ ಒಯ್ದರು. ಬೆಳಗಿನ ಜಾವ ಫಲಿತಾಂಶ ಹೊರಬಿದ್ದ ಮೇಲೆ ಮಗ ಫೋನು ನೋಡಿಕೊಂಡಾಗ ಹದಿನೇಳು ಕರೆಗಳಿದ್ದವು. ಈ ಸಂಗತಿ ಹೇಳುವಾಗ ಸೊಸೆಯ ದನಿಯಲ್ಲಿ ಇನ್ನೂ ಬಿಗಿ ಇತ್ತು. “ಅತ್ತಿಯವರು, ಮಾವನವರು ಇರದಿದ್ರ ನಾ ಒಬ್ಬಾಕಿ ಏನ್ ಮಾಡ್ತಿದ್ನಿ ಹೇಳ್ರಿ?” ಎಂದು ಅವರು ಕೇಳಿದ್ದು ನಮ್ಮನ್ನಲ್ಲ, ಬದಿಗೆ ಕುಳಿತ ಗಂಡನನ್ನು. ಅವರು ಉತ್ತರ ಕೊಡಲಿಲ್ಲ.

ಈಗ ಹೆಸರು ಹಾಕಬಾರದೆಂಬುದರ ಕಾರಣ. ಇವರದು ಕಾಯಂ ನೌಕರಿಯಲ್ಲ. ಇಂದು ರಾಜ್ಯದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಗಣಕದ ಕೆಲಸಗಾರರು ಹೊರಗುತ್ತಿಗೆಯ ಮೇಲೆ ಇರುವವರು. ನೌಕರಿ ವಿಶ್ವವಿದ್ಯಾಲಯದೊಳಗೆ, ಸಂಬಳ ಏಜೆನ್ಸಿಯ ಕೈಯಿಂದ. ಟೆಂಡರು ಬದಲಾದರೆ ಧಣಿಯೂ ಬದಲು. ಒಮ್ಮೆ ಎರಡು ತಿಂಗಳ ಸಂಬಳ ತಡವಾದಾಗ ಅವ್ವ ತುಪ್ಪ ಮಾರಿದ ದುಡ್ಡಿನಲ್ಲಿ ಮೊಮ್ಮಗಳ ಶಾಲೆಯ ಫೀ ತುಂಬಿದರು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಕೇಳುತ್ತಲೇ ಬೆಳೆದ ನಮ್ಮ ಮನೆಗಳಲ್ಲಿಯೂ ವರನನ್ನು ತೂಗುವಾಗ ತಕ್ಕಡಿ ಬೇರೆಯಾಗುತ್ತದೆ. ಇವರ ತಮ್ಮನಿಗೆ ಹೆಣ್ಣು ನೋಡುತ್ತಿದ್ದಾರೆ. ಅಣ್ಣನ ನೌಕರಿ ಗುತ್ತಿಗೆಯದೆಂದು ತಿಳಿದರೆ ಬೀಗರಾಗುವವರು ಹಿಂದೆ ಸರಿದಾರೆಂಬ ಭಯ ಮನೆಯವರಿಗೆ. ಆ ಭಯ ಸುಳ್ಳೆಂದು ನಾವು ಹೇಳಲಾರೆವು.

ಹಾಗಾದರೆ ಹೊಲವಿದೆಯಲ್ಲ ಎಂದು ಓದುಗರು ಕೇಳಬಹುದು. ಇದೆ, ಐದು ಎಕರೆ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಕೀರ್ತಿ ಎಲ್ಲರೂ ಬಲ್ಲದ್ದು. ಖಾರ ಕಡಿಮೆ, ಬಣ್ಣ ಕಡುಗೆಂಪು. ಅದರಿಂದ ತೆಗೆದ ಬಣ್ಣದ ಸತ್ವ ಅಡುಗೆಯಿಂದ ಹಿಡಿದು ಹೆಂಗಳೆಯರ ತುಟಿರಂಗಿನವರೆಗೆ ಹೋಗುತ್ತದೆ. ಆದರೆ ಕೀರ್ತಿ ಬೇರೆ, ದರ ಬೇರೆ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಈಗ ವ್ಯಾಪಾರವೂ ಇ-ಟೆಂಡರಿನಿಂದಲೇ. 2024ರ ಮಾರ್ಚ್ 11, ಸೋಮವಾರ ದರ ದಿಢೀರನೆ ಕುಸಿದು ರೈತರು ರೊಚ್ಚಿಗೆದ್ದದ್ದು, ಎಪಿಎಂಸಿ ಆವರಣದಲ್ಲಿ ವಾಹನಗಳು ಉರಿದದ್ದು ರಾಜ್ಯವೆಲ್ಲ ನೋಡಿದ ಸಂಗತಿ. ಇವರ ತಂದೆಯವರು ಅಂದು ಹತ್ತು ಚೀಲ ಹೇರಿಕೊಂಡು ಮಾರುಕಟ್ಟೆಯಲ್ಲಿದ್ದರು. ಗದ್ದಲದಲ್ಲಿ ಸೇರದೆ ಚೀಲಗಳ ಮೇಲೆಯೇ ಸಂಜೆಯವರೆಗೆ ಕುಳಿತಿದ್ದರಂತೆ. “ನನ್ನ ಮೆಣಸಿನಕಾಯಿ ರೇಟು ಕಂಪ್ಯೂಟರ್ ಹೇಳತೈತಿ, ನನ್ನ ಮಗ ಕಂಪ್ಯೂಟರಿಗೆ ಹೇಳ್ತಾನ. ಇಬ್ಬರದೂ ಮಾತ ನಡ್ಯಾಂಗಿಲ್ಲ ನೋಡ್ರಿ” ಎಂದು ಆ ಹಿರಿಯರು ವಿನೋದದಿಂದಲೇ ಹೇಳಿದರು. ಆ ವರ್ಷ ಮನೆ ನಡೆದದ್ದು ಮಗನ ಸಂಬಳದ ಮೇಲೆ.

ಹಾವೇರಿ ಸೇರಿದಂತೆ ಏಳು ಹೊಸ ವಿಶ್ವವಿದ್ಯಾಲಯಗಳು 2022-23ರ ಸುಮಾರಿಗೆ ರಾಜ್ಯದಲ್ಲಿ ತಲೆಯೆತ್ತಿದವು. ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಕೆರಿಮತ್ತಿಹಳ್ಳಿಯ ಆವರಣವೇ ಹಾವೇರಿಯದಾಯಿತು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯು ಹಾವೇರಿಯೂ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಿ ಹಳೆಯವುಗಳೊಡನೆ ಕೂಡಿಸುವ ವಿಚಾರ ಮುಂದಿಟ್ಟಾಗ ಇಂಥ ಮನೆಗಳಲ್ಲಿ ಒಲೆ ತಣ್ಣಗಾದಂತಾಯಿತು. ಅನುದಾನವಿಲ್ಲ, ಕಾಯಂ ಸಿಬ್ಬಂದಿಯಿಲ್ಲ ಎಂಬ ಕಾರಣ ಸುಳ್ಳಲ್ಲ. ಆದರೆ ಬಸ್ಸಿನ ದಾರಿಯಲ್ಲಿ ವಿಶ್ವವಿದ್ಯಾಲಯ ಸಿಕ್ಕಿದ್ದರಿಂದಲೇ ಎಂ.ಎ., ಎಂ.ಕಾಂ. ಓದುವ ಹೆಣ್ಣುಮಕ್ಕಳನ್ನು ಅವರೂ ನಾವೂ ಕಂಡಿದ್ದೇವೆ.

ಅದೇ ದಿನಗಳಲ್ಲಿ ಬೆಂಗಳೂರಿನಿಂದ ಗೆಳೆಯನ ಕರೆ ಬಂದಿತ್ತು. ಖಾಸಗಿ ಕಂಪನಿ, ಸಂಬಳ ಇಲ್ಲಿಯದರ ಎರಡೂವರೆ ಪಟ್ಟು. ಮನೆಯಲ್ಲಿ ಮೂರು ರಾತ್ರಿ ಮಾತು ನಡೆಯಿತು. ತಂದೆಯವರು ಹೋಗು ಎಂದರು. ಅವ್ವ ಏನೂ ಹೇಳದೆ ಎಮ್ಮೆಗೆ ಮೇವು ಹಾಕಲು ಎದ್ದುಹೋದರು. ಸೊಸೆ ಕಾಗದ ತೆಗೆದುಕೊಂಡು ಲೆಕ್ಕ ಬರೆದರು: ಬಾಡಿಗೆ ಮನೆ, ಮಗಳ ಶಾಲೆ, ತಮ್ಮ ಸಂಬಳದ ನಷ್ಟ, ಹಾಲು ಮೊಸರಿಗೂ ದುಡ್ಡು, ಮಗುವಿಗೆ ಜ್ವರ ಬಂದರೆ ನೋಡಿಕೊಳ್ಳುವ ಆಳಿಗೆ ಸಂಬಳ. ಉಳಿಯುವುದು ಇಲ್ಲಿಯದಕ್ಕಿಂತ ಸ್ವಲ್ಪ ಹೆಚ್ಚು, ಬಹಳವಲ್ಲ. ಆ ಲೆಕ್ಕದ ಕಾಗದವನ್ನು ನಮಗೆ ತೋರಿಸಿದರು. ಅಚ್ಚುಕಟ್ಟಾದ ಬರಹ, ಕೊನೆಗೆ ಎರಡು ಗೆರೆ.

ಅವರು ಹೋಗಲಿಲ್ಲ. ಆದರೆ ಇಲ್ಲ ಎಂದೂ ಹೇಳಿಲ್ಲ. ಆರನೆಯ ಸೆಮಿಸ್ಟರಿನ ಫಲಿತಾಂಶ ಮುಗಿಯಲಿ ಎಂದು ಗೆಳೆಯನಿಗೆ ತಿಳಿಸಿದ್ದಾರೆ. ಅಷ್ಟರೊಳಗೆ ಪಿಡಿಒ ಪರೀಕ್ಷೆಗೆ ಓದುತ್ತಿರುವ ತಮ್ಮನ ಸಂಬಂಧವೂ ಒಂದು ಹಂತಕ್ಕೆ ಬರಬಹುದೆಂಬ ಎಣಿಕೆ. ತಂದೆಯವರು ಈ ಸಲ ಮೆಣಸಿನಕಾಯಿಯನ್ನು ಎರಡೇ ಎಕರೆಗೆ ಇಳಿಸಿ, ಉಳಿದ ಮೂರಕ್ಕೆ ಗೋವಿನಜೋಳ ಹಾಕುವರಂತೆ. ನಾವು ಊಟ ಮುಗಿಸಿ ಏಳುವಾಗ ಒಂದು ಕಾಲೇಜಿನಿಂದ ಗುಮಾಸ್ತರ ಫೋನು ಬಂದಿತು. ನಲವತ್ತು ಹುಡುಗರ ಆಂತರಿಕ ಅಂಕ ತುಂಬುವುದು ಉಳಿದಿದೆ, ನಾಳೆ ಕಡೆಯ ದಿನ ಎಂದು. “ತುಂಬ್ರಿ ಸರ, ನಾ ಹನ್ನೊಂದರತನಕಾ ಎಚ್ಚರ ಇರ್ತೀನಿ” ಎಂದು ಅವರು ಲ್ಯಾಪ್‌ಟಾಪಿನ ವೈರು ಹುಡುಕತೊಡಗಿದರು. ಮಗಳು ಅದನ್ನು ಎಲ್ಲಿಯೋ ಬಚ್ಚಿಟ್ಟಿದ್ದಳು.